ಇಪ್ಪತ್ತೈದು ಮಿಲಿಮೀಟರ್ ಮಾವ

ನನ್ನ ಗಂಡ ಪರಿಚಯವಾದ ಹೊಸದರಲ್ಲಿ "ನಮ್ಮಪ್ಪ ಫುಟ್‌ಬಾಲ್ ಕ್ಲಬ್ಬಲ್ಲಿ ಕೆಲಸ ಮಾಡ್ತಾರೆ" ಅಂದಾಗಲೇ ನಾನು ಅರ್ಧ ಒಪ್ಪಿಬಿಟ್ಟಿದ್ದೆ. ಚಿಕ್ಕಂದಿನಿಂದ ಆ ಕ್ಲಬ್ಬೆಂದರೆ ನನಗೆ ಹುಚ್ಚು. ಮದುವೆಯಾಗಿ ಮನೆಗೆ ಬಂದ ಮೇಲೆ ಗೊತ್ತಾಯಿತು, ಮಾವನಿಗೆ ಫುಟ್‌ಬಾಲ್ ಕಂಡರೇ ಆಗುವುದಿಲ್ಲ.

ಮಾವ ಕ್ಲಬ್ಬಿನ ಮೈದಾನ ನೋಡಿಕೊಳ್ಳುವವರು. ಹುಲ್ಲು ಬೆಳೆಸುವುದು, ನೀರು ಬಿಡುವುದು, ಕತ್ತರಿಸುವುದು, ಹಗ್ಗ ಹಿಡಿದು ಬಿಳಿ ಗೆರೆ ಎಳೆಯುವುದು, ಮೂವತ್ತೊಂದು ವರ್ಷದಿಂದ ಇದೇ. ಅವರ ಪ್ರಕಾರ ದೇಶದ ಮೊದಲ ದರ್ಜೆಯ ಲೀಗ್ ಎಂದರೆ ಹದಿನೇಳು ತಂಡಗಳು ಸರದಿಯಂತೆ ಬಂದು, ನಮ್ಮ ಹುಡುಗರ ಜೊತೆ ಸೇರಿಕೊಂಡು, ಅವರ ಹುಲ್ಲನ್ನು ಹಾಳುಗೆಡವುವ ಏರ್ಪಾಡು. ಪಂದ್ಯ ನಡೆಯುವಾಗ ಗೋಲಿನ ಹಿಂದೆ, ಕಿತ್ತ ಹುಲ್ಲು ಮತ್ತೆ ಕೂರಿಸುವ ನಾಲ್ಕು ಹಲ್ಲಿನ ಫೋರ್ಕ್ ಹಿಡಿದು ಕೂತು ನೆಲವನ್ನೇ ನೋಡುತ್ತಾರೆ. ಚೆಂಡು ಗಾಳಿಯಲ್ಲಿದ್ದಷ್ಟು ಹೊತ್ತು ನೆಮ್ಮದಿ. ಯಾರಾದರೂ ಜಾರಿ ಬಂದು ಚೆಂಡು ಕಸಿದರೆ ಇಡೀ ಸ್ಟೇಡಿಯಂ ಚಪ್ಪಾಳೆ ತಟ್ಟುತ್ತದೆ, ಮಾವ ಮಾತ್ರ "ಅಯ್ಯೋ, ಬೇರು ಸಮೇತ ಬಂತು!" ಎಂದು ಎದೆ ಹಿಡಿದುಕೊಳ್ಳುತ್ತಾರೆ.

ಆಟಗಾರರ ಹೆಸರು ಅವರಿಗೆ ಗೊತ್ತಿಲ್ಲ, ಮಾಡುವ ಹಾನಿ ಗೊತ್ತು. ಊರೆಲ್ಲ ತಲೆ ಮೇಲೆ ಹೊತ್ತು ಮೆರೆಸುವ ನಮ್ಮ ಮುಂಚೂಣಿ ಆಟಗಾರ, ನಾನು ಯಾರ ಚಿತ್ರವನ್ನು ಬೀರುವಿನ ಬಾಗಿಲಿಗೆ ಅಂಟಿಸಿಕೊಂಡಿದ್ದೇನೋ ಅವನು, ಮಾವನ ಬಾಯಲ್ಲಿ "ಗುದ್ದಲಿ". ಹಿಮ್ಮಡಿ ಊರಿ ಓಡುತ್ತಾನಂತೆ.

ಅವರ ಅಂಗಿ ಜೇಬಿನಲ್ಲಿ ಸದಾ ಒಂದು ಸಣ್ಣ ಸ್ಟೀಲ್ ಸ್ಕೇಲು. ಹುಲ್ಲು ಇಪ್ಪತ್ತೈದು ಮಿಲಿಮೀಟರ್ ಇರಬೇಕು. ಬಿಸಿಲಿರಲಿ, ಮಳೆ ಬರಲಿ, ಎದುರಾಳಿ ಯಾರೇ ಆಗಲಿ, ಇಪ್ಪತ್ತೈದು.

ಆ ಸೀಸನ್ ಶುರುವಾದದ್ದು ಚೆನ್ನಾಗಿಯೇ. ನಡುವೆ ಗೋಲ್‌ಕೀಪರನ ಭುಜದ ಕೀಲು ತಪ್ಪಿದ್ದೇ ತಡ, ಸಾಲಾಗಿ ಏಳು ಪಂದ್ಯ ಸೋತೆವು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ನಾನು ಕೆಮ್ಮಿನವರಿಗೆ ಹೊಟ್ಟೆನೋವಿನ ಮಾತ್ರೆ ಕೊಟ್ಟು ಬೈಸಿಕೊಂಡೆ. ಊಟ ಸೇರುತ್ತಿರಲಿಲ್ಲ. ಎದುರಿಗೆ ಕೂತ ಮಾವ ಎರಡನೇ ಸಲ ಬಡಿಸಿಕೊಳ್ಳುತ್ತಾ "ಈ ಸಲ ಬೇರು ಎಷ್ಟು ಚೆನ್ನಾಗಿ ಇಳಿದಿದೆ ಗೊತ್ತಾ!" ಎನ್ನುತ್ತಿದ್ದರು.

ಕೊನೆಯ ಮೂರು ಸ್ಥಾನದವರು ಕೆಳಗಿನ ದರ್ಜೆಗೆ ಇಳಿಯಬೇಕು. ಕಡೆಯ ಪಂದ್ಯದ ಹೊತ್ತಿಗೆ ನಮ್ಮ ಸ್ಥಿತಿ ಇಷ್ಟು: ಸೋತರೆ ಇಳಿದೆವು, ಡ್ರಾ ಆದರೂ ಉಳಿದೆವು. ಪಂದ್ಯ ನಮ್ಮ ಮೈದಾನದಲ್ಲೇ. ಬರುವವರು ಮಾತ್ರ ಲೀಗಿನ ಎರಡನೇ ಸ್ಥಾನದವರು; ಚೆಂಡನ್ನು ನೆಲ ಬಿಟ್ಟು ಏಳಲು ಬಿಡದೆ ಸರಸರನೆ ಪಾಸ್ ಮಾಡುವವರು.

ಬುಧವಾರ ಬೆಳಿಗ್ಗೆ ಕೋಚ್ ನಮ್ಮ ಮನೆಗೇ ಬಂದರು. ಅಡುಗೆಮನೆಯ ಮೇಜಿನ ಮುಂದೆ ಕೂತು, ನಾನು ಕೊಟ್ಟ ಟೀ ಮುಟ್ಟದೆ ಹೇಳಿದರು: "ಶನಿವಾರದವರೆಗೆ ಹುಲ್ಲು ಕತ್ತರಿಸಬೇಡಿ. ನೀರೂ ಬಿಡಬೇಡಿ. ಹುಲ್ಲು ಉದ್ದ ಇದ್ದು ಒಣಗಿದ್ರೆ ಅವರ ಚೆಂಡು ನಿಧಾನ ಆಗತ್ತೆ. ನಮಗೆ ಅಷ್ಟೇ ಸಾಕು."

"ಆಗಲ್ಲ ಸರ್," ಅಂದರು ಮಾವ.

"ಲೀಗ್ ಮೂವತ್ತರವರೆಗೆ ಬಿಡತ್ತೆ. ಇದು ಮೋಸ ಅಲ್ಲ."

"ಮೂವತ್ತು ಲೀಗಿನದು. ಇಪ್ಪತ್ತೈದು ನಂದು. ಬಂದವರಿಗೂ ಅದೇ ನೆಲ, ನಮ್ಮವರಿಗೂ ಅದೇ ನೆಲ."

ಕೋಚ್ ಎದ್ದು ನಿಂತರು. "ನೀವು ನಮ್ಮ ಕಡೆಯವರೋ, ಅವರ ಕಡೆಯವರೋ?"

"ಹುಲ್ಲಿನ ಕಡೆಯವನು."

ಕೋಚ್ ಬಾಗಿಲು ದಾಟಿದ್ದೇ ನಾನು ಅಂಗಲಾಚಿದೆ. "ಮಾವ, ಒಂದೇ ಒಂದು ಸಲ. ಮೂರೇ ದಿನ. ನಿಮಗೆ ಕೈ ಮುಗೀತೀನಿ." ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ನನಗೆ ಎಲ್ಲಿತ್ತೋ ಆ ಸಿಟ್ಟು! ಅಂದಿನಿಂದ ಮಾತು ಬಿಟ್ಟೆ. ಮಾವ ಎರಡಡಿ ದೂರದಲ್ಲಿ ಕೂತಿದ್ದರೂ "ಅತ್ತೆ, ಟೀ ಆರಿಹೋಗ್ತಿದೆ ಅಂತ ಅವರಿಗೆ ಹೇಳಿ" ಎನ್ನುತ್ತಿದ್ದೆ. ಅತ್ತೆ "ಅವರಿಗೆ ಕಿವಿ ಇದೆ, ನನಗೆ ಬೇರೆ ಕೆಲಸ ಇದೆ" ಎಂದು ನಗುತ್ತಿದ್ದರು. ಲೋಟ ಕುಕ್ಕುವ ಸದ್ದೊಂದೇ ನನ್ನ ಕಡೆಯಿಂದ ಅವರಿಗೆ ಮಾತು.

ಶನಿವಾರ ಮಧ್ಯಾಹ್ನ ನಾನು ಸ್ಟೇಡಿಯಂ ಹೊಕ್ಕಾಗ ಮೈದಾನ ಆಗಷ್ಟೇ ಇಸ್ತ್ರಿ ಮಾಡಿದ ಬಟ್ಟೆಯ ಹಾಗಿತ್ತು. ಕತ್ತರಿಸಿದ್ದರು. ನೀರನ್ನೂ ಬಿಟ್ಟಿದ್ದರು. ಕಣ್ಣಲ್ಲಿ ನೀರು ಬಂತು, ಅಷ್ಟು ಹೊಟ್ಟೆ ಉರಿಯಿತು.

ಇಪ್ಪತ್ತನೇ ನಿಮಿಷಕ್ಕೆ ಅವರು ಗೋಲು ಹೊಡೆದರು. ಒಂಬತ್ತು ಪಾಸ್, ಒಂದರಲ್ಲೂ ಚೆಂಡು ಕುಪ್ಪಳಿಸಲಿಲ್ಲ. ಗೋಲಿನ ಹಿಂದೆ ಕೂತ ಮಾವನ ಕಡೆ ನಾನು ನೋಡಿದ ನೋಟಕ್ಕೆ ಹುಲ್ಲು ಹತ್ತಿಕೊಳ್ಳಬೇಕಿತ್ತು. ಆಗ ಗಮನಿಸಿದೆ: ಮಾವ ನೆಲ ನೋಡುತ್ತಿರಲಿಲ್ಲ. ಫೋರ್ಕನ್ನು ಎರಡೂ ಕೈಯಲ್ಲಿ ಬಿಗಿಹಿಡಿದು, ಚೆಂಡು ಹೋದಲ್ಲೆಲ್ಲ ತಲೆ ತಿರುಗಿಸುತ್ತಿದ್ದರು.

ಎಂಬತ್ನಾಲ್ಕನೇ ನಿಮಿಷ. ನಮಗೊಂದು ಕಾರ್ನರ್ ಸಿಕ್ಕಿತು. ಮೂಲೆಯಿಂದ ಎತ್ತರಕ್ಕೆ ಹಾರಿಬಂದ ಚೆಂಡು ನೂಕುನುಗ್ಗಲಿನಲ್ಲಿ ಗುದ್ದಲಿಯ ತಲೆಗೂ ಅಲ್ಲ, ಕಿವಿಗೆ ಬಡಿದು ಬಲೆಯೊಳಕ್ಕೆ ಹೋಯಿತು. ಆ ಗೋಲಿಗೂ ಮಾವನ ಹುಲ್ಲಿಗೂ ಏನೇನೂ ಸಂಬಂಧವಿಲ್ಲ, ಚೆಂಡು ನೆಲ ಮುಟ್ಟಲೇ ಇಲ್ಲ. ಯಾರಿಗೆ ಬೇಕು ಸಂಬಂಧ! ಪಕ್ಕದಲ್ಲಿದ್ದ ಗುರುತಿಲ್ಲದ ಹೆಂಗಸನ್ನು ತಬ್ಬಿಕೊಂಡು ಕುಣಿದೆ. ಒಂದು–ಒಂದು. ಉಳಿದೆವು.

ಜನ ಕರಗಿದ ಮೇಲೆ ಕೆಳಗಿಳಿದು ಹೋದೆ. ಮಾವ ಒಬ್ಬರೇ ಕಿತ್ತುಬಂದ ಹುಲ್ಲನ್ನು ಫೋರ್ಕಿನಿಂದ ಕೂರಿಸುತ್ತಿದ್ದರು. ಒಂದೇ ತುಂಡನ್ನು ಕೂರಿಸಿ, ಎಬ್ಬಿಸಿ, ಮತ್ತೆ ಕೂರಿಸುತ್ತಿದ್ದರು. ಅದನ್ನು ನೋಡಿ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಚಪ್ಪಲಿ ಬಿಟ್ಟು ಪಕ್ಕದಲ್ಲಿ ಕೂತು, ಅವರು ಕೂರಿಸಿದ್ದನ್ನು ಅಂಗೈಯಿಂದ ಒತ್ತತೊಡಗಿದೆ.

"ಸೋತಿದ್ರೆ ಏನು ಮಾಡ್ತಿದ್ರಿ ಮಾವ?"

"ಗೊತ್ತಿಲ್ಲಮ್ಮ. ಕ್ಲಬ್ ಇಳಿದದ್ದು ನನ್ನ ಹಟದಿಂದ ಅಂತ ಸಾಯೋವರೆಗೂ ಅನ್ಕೊಂಡಿರ್ತಿದ್ದೆ." ಇನ್ನೊಂದು ತುಂಡು ಹುಲ್ಲು ಕೂರಿಸಿದರು. "ಇವತ್ತು ಬೆಳಿಗ್ಗೆ ಮೆಷಿನ್ ಹತ್ರ ಅರ್ಧ ಗಂಟೆ ನಿಂತಿದ್ದೆ. ಕತ್ತರಿಸೋಕೆ ಕೈಯೇ ಬರ್ತಿರಲಿಲ್ಲ. ನೀನು ಇನ್ನೊಂದು ಸಲ ಕೇಳಿದ್ರೆ ಕತ್ತರಿಸದೆ ಬಿಟ್ಟುಬಿಡ್ತಿದ್ದೆ."

ಬೆಳಿಗ್ಗೆ ಮಾವ ಮನೆಯಿಂದ ಹೊರಡುವಾಗ ನಾನು ಕೇಳಬೇಕೆಂದೇ ಬಾಗಿಲವರೆಗೆ ಬಂದಿದ್ದೆ. ಮಾತು ಬಿಟ್ಟಿದ್ದೇನಲ್ಲ ಎಂಬ ಬಿಗುಮಾನಕ್ಕೆ ವಾಪಸ್ ಹೋಗಿದ್ದೆ. ಅದನ್ನು ಹೇಳಿದೆ.

ಮಾವ ಫೋರ್ಕ್ ನೆಲಕ್ಕೆ ಊರಿ, ನನ್ನ ಮುಖ ನೋಡಿ, ಗಟ್ಟಿಯಾಗಿ ನಕ್ಕರು.

"ಹಾಗಾದ್ರೆ ಮುಂದಿನ ಸೀಸನ್‌ನಲ್ಲೂ ಇಂಥದ್ದು ಬಂದ್ರೆ, ದಯವಿಟ್ಟು ನನ್ನ ಜೊತೆ ಮಾತಾಡಬೇಡ ಕಣಮ್ಮ."