ಡಬ್ಬಿ ಕಂಪ್ಯೂಟರಿನ ಮೇಲೆ ಬೀಗರ ಪಂದ್ಯ

ದೊಡ್ಡಬಳ್ಳಾಪುರದಲ್ಲಿ ನನ್ನ ಕೈಲಿ ಸೋತವರು ಬಹಳ ಮಂದಿ ಇದ್ದಾರೆ. ನಾನು ಹೇಗೆ ಗೆದ್ದೆನೆಂಬುದು ಅವರಲ್ಲಿ ಹೆಚ್ಚಿನವರಿಗೆ ಇಂದಿಗೂ ತಿಳಿದಿಲ್ಲ. ಕಂಡುಹಿಡಿದವರು ಒಬ್ಬರೇ: ನಮ್ಮ ಬೀಗರು, ಸೊಸೆಯ ತಂದೆ. ಇಲ್ಲೇ ಹತ್ತಿರದ ವಿಜಯಪುರದಲ್ಲಿ ರೇಷ್ಮೆಗೆ ಹುರಿ ಹಾಕುವ ಮಿಷನ್ನುಗಳನ್ನು ಬಹಳ ಕಾಲ ನಡೆಸಿ, ಈಗ ಮಗನಿಗೆ ಬಿಟ್ಟುಕೊಟ್ಟು ಆರಾಮವಾಗಿರುವವರು.

ಪಂದ್ಯ ನಡೆದದ್ದು ನಮ್ಮ ಮಗ್ಗದ ಶೆಡ್ಡಿನ ಮೂಲೆಯಲ್ಲಿದ್ದ ಒಂದು ಪುಟ್ಟ ಕಂಪ್ಯೂಟರಿನ ಮೇಲೆ. ಪುಟ್ಟದು ಎಂದರೆ ಅಂಗೈಯಗಲದ ಒಂದು ಹಸಿರು ಹಲಗೆ, ಅಷ್ಟೇ. ಪರದೆ ಇಲ್ಲ, ಕೀಲಿಮಣೆ ಇಲ್ಲ, ನಡೆಸುವುದೆಲ್ಲ ಸೊಸೆಯ ಲ್ಯಾಪ್‌ಟಾಪಿನಿಂದ; ಫೋನಿಗೆ ಹಾಕುವಂಥ ಚಾರ್ಜರಿನ ಕರೆಂಟು ಸಾಕು. ಹಗಲೂ ರಾತ್ರಿ ಉರಿಸಿದರೂ ಬಿಲ್ಲಿನಲ್ಲಿ ಗೊತ್ತಾಗುವುದಿಲ್ಲವೆಂದು ಸೊಸೆ ತಂದದ್ದು. ಮಗ್ಗದ ನೂಲಿನ ಧೂಳು ಕೂರದಿರಲೆಂದು ಅದನ್ನು ಹಳೇ ಟಿಫನ್ ಡಬ್ಬಿಯೊಳಗಿಟ್ಟು, ವೈರಿಗೆ ತೂತು ಕೊರೆದು, ಮುಚ್ಚಳ ಬಿಗಿದವನು ನಾನು. ಎಂಥ ತಲೆ ನನ್ನದು ಎಂದು ಬಂದವರಿಗೆಲ್ಲ ತೋರಿಸುತ್ತಿದ್ದೆ.

ಸೊಸೆ ಸೀರೆಗಳಿಗೆ ಕಂಪ್ಯೂಟರಿನಲ್ಲಿ ಡಿಸೈನು ಮಾಡುತ್ತಾಳೆ. ಅಲ್ಲಿಯವರೆಗೆ ಮಾಡಿದ್ದೆಲ್ಲ ಬೇರೆಯವರು ಹೇಳಿದ್ದು. ತನ್ನದೇ ಒಂದು ಸೀರೆ ಮಗ್ಗಕ್ಕೆ ಏರಬೇಕೆಂಬುದು ಅವಳ ಆಸೆ. ಹಳೇ ಸೀರೆಗಳ ಫೋಟೋಗಳನ್ನು ರಾಶಿ ಹಾಕಿದ್ದ ಒಂದು ವೆಬ್‌ಸೈಟಿನಲ್ಲಿ ಅವಳು ತನ್ನ ಸೀರೆಗೆ ಒಪ್ಪುವ ಹುಣಸೆ ಎಲೆಯ ಅಂಚೊಂದನ್ನು ಚಿಕ್ಕದಾಗಿ ನೋಡಿದ್ದಳು. ಮತ್ತೆ ಹುಡುಕಿದರೆ ಸಿಗಲಿಲ್ಲ. ಫೋಟೋಗಳಿಗೆ ಹೆಸರೇ ಇರಲಿಲ್ಲ. ಅಷ್ಟರಲ್ಲಿ ಆ ತಿಂಗಳ ಕೊನೆಗೆ ಸೈಟು ಮುಚ್ಚುತ್ತದೆಂದು ಅಲ್ಲೇ ಬರೆದು ಹಾಕಿದರು. ಉಳಿದದ್ದು ಒಂದೇ ದಾರಿ: ಎಲ್ಲ ಫೋಟೋಗಳನ್ನೂ ದೊಡ್ಡ ಅಳತೆಯಲ್ಲಿ ಇಳಿಸಿಕೊಂಡು ಆಮೇಲೆ ಹುಡುಕುವುದು.

ಯಾವ ಸಾಫ್ಟ್‌ವೇರಿನಲ್ಲಿ ಇಳಿಸುವುದು? ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಪಂಡಿತನಾಗಿದ್ದ ನಾನು ಒಂದನ್ನು ಹೇಳಿದೆ. ನನ್ನಷ್ಟೇ ವಿಡಿಯೋ ನೋಡುವ ಬೀಗರು ಬಸ್ಸು ಹತ್ತಿ ಬಂದು ಇನ್ನೊಂದನ್ನು ಹೇಳಿದರು.

"ನಂದು ಒಂದೇ ಫೈಲನ್ನ ತುಂಡು ತುಂಡು ಮಾಡಿ ಎಲ್ಲಾನೂ ಒಟ್ಟಿಗೇ ಎಳ್ಕೊಳ್ಳುತ್ತೆ ಬೀಗ್ರೇ. ನಿಮ್ದು ಒಂದಾದ್ಮೇಲೊಂದು, ನೀವು ಊಟ ಮಾಡ್ತೀರಲ್ಲ, ಹಂಗೆ," ಎಂದೆ ನಾನು.

"ನಾನು ನಿಧಾನಕ್ ತಿಂದ್ರೂ ಎಲೆ ಖಾಲಿ ಮಾಡೇ ಏಳೋದು. ನೀವು ಅರ್ಧ ಅಂಗಿ ಮೇಲೇ ಚೆಲ್ಕೋತೀರ."

"ಇಬ್ರೂ ಎಷ್ಟಾದ್ರೂ ಕಿತ್ತಾಡಿ," ಎಂದಳು ಸೊಸೆ. "ಆದ್ರೆ ಯಾವ್ದು ಬೇಗ ಅಂತ ಇವತ್ತೇ ತೀರ್ಮಾನ ಆಗ್ಬೇಕು. ಗೆದ್ದಿದ್ದನ್ನೇ ಹಾಕ್ಬಿಡ್ತೀನಿ. ತಿಂಗಳು ಮುಗಿದ್ರೆ ನನ್ ಅಂಚು ಹೋಯ್ತು ಮಾವ, ಹುಷಾರು."

ಇಬ್ಬರಿಗೂ ಅದೇ ಫೋಟೋಗಳ ಕಟ್ಟು, ಅದೇ ಹಲಗೆ. ಮಧ್ಯಾಹ್ನ ಊಟವಾಗಿತ್ತು, ಮೇಲಿನ ಶೀಟು ಕಾದು ಶೆಡ್ಡು ಒಲೆಯಂತಿತ್ತು. ಮೊದಲ ಸರದಿ ನನ್ನದು. ಹಲಗೆಯ ಮೇಲಿನ ಪುಟ್ಟ ದೀಪ ಮಿನುಗುವುದನ್ನು ತೋರಿಸುವ ನೆಪದಲ್ಲಿ ಡಬ್ಬಿಯ ಮುಚ್ಚಳ ತೆಗೆದೆ. ಸೆಖೆಯೆಂದು ಟೇಬಲ್ ಫ್ಯಾನನ್ನು ನನ್ನ ಕಡೆ ತಿರುಗಿಸಿಕೊಂಡೆ; ನನಗೂ ಫ್ಯಾನಿಗೂ ನಡುವೆ ಡಬ್ಬಿ ಇದ್ದದ್ದು ನನ್ನ ತಪ್ಪೇ? ಬೀಗರ ಸರದಿ ಬಂದಾಗ ಧೂಳಾಗುತ್ತದೆಂದು ಮುಚ್ಚಳ ಹಾಕಿ, ಫ್ಯಾನನ್ನು ಅವರ ಮುಖಕ್ಕೆ ತಿರುಗಿಸಿಟ್ಟೆ.

"ಬೀಗ್ರು ಬೆವರಬಾರ್ದು. ನಮ್ಮನೆ ಮರ್ಯಾದೆ."

ಬೀಗರಿಗೆ ಗಾಳಿ ಹಾಕಿದರೆ ಬೇಡವೆನ್ನುವವರು ಯಾರು? ಆ ಏರ್ಪಾಟನ್ನು ನೆನೆದರೆ ಈಗಲೂ ನನ್ನ ಬೆನ್ನು ನಾನೇ ತಟ್ಟಿಕೊಳ್ಳಬೇಕೆನಿಸುತ್ತದೆ. ನಾನು ಭರ್ಜರಿಯಾಗಿ ಗೆದ್ದೆ.

ಬೇರೆಯವರಾಗಿದ್ದರೆ ಮುನಿಸಿಕೊಂಡು ಬಸ್ ಸ್ಟ್ಯಾಂಡಿಗೆ ಹೊರಡುತ್ತಿದ್ದರು. ಇವರು ಕುರ್ಚಿ ಬಿಟ್ಟೇಳದೆ ಹೇಳಿದರು: "ನಮ್ಮಲ್ಲಿ ಒಂದ್ ಮಿಷನ್ನಲ್ಲಿ ನೂಲು ಜಾಸ್ತಿ ಕಿತ್ತೋದ್ರೆ ಆಳನ್ನ ಬಯ್ಯಲ್ಲ, ಮಿಷನ್ನೂ ಬಯ್ಯಲ್ಲ. ಆಳುಗಳನ್ನ ಅದಲು ಬದಲು ಮಾಡ್ತೀವಿ. ಕಿತ್ತೋಗೋದು ಆಳಿನ ಹಿಂದೆ ಹೋಯ್ತಾ, ಮಿಷನ್ನಲ್ಲೇ ಉಳೀತಾ ಅಂತ ನೋಡ್ತೀವಿ. ಈಗ ನನ್ ಸಾಫ್ಟ್‌ವೇರ್ ನೀವು ಓಡ್ಸಿ, ನಿಮ್ದು ನಾನು."

ಅಲ್ಲಿ ನಾನು ಸುಮ್ಮನೆ ಸೋತಿದ್ದರೆ ಸಾಕಿತ್ತು. ಆದರೆ ಸೋಲುವುದು ನನಗೆ ಬರುವುದಿಲ್ಲ. ಕೈ ತಾನಾಗಿ ಮುಚ್ಚಳಕ್ಕೆ ಹೋಯಿತು, ಫ್ಯಾನು ತಾನಾಗಿ ತಿರುಗಿತು. ಬೀಗರ ಸಾಫ್ಟ್‌ವೇರಿನಲ್ಲಿ ನನ್ನದನ್ನೇ ಸೋಲಿಸಿ, ಎದೆಯುಬ್ಬಿಸಿ ನಿಂತೆ.

ಬೀಗರು ನಗಲು ಶುರು ಮಾಡಿದರು. ಕೆಮ್ಮು ಬರುವವರೆಗೂ ನಕ್ಕರು. "ಅಲ್ರೀ ಬೀಗ್ರೇ, ನೀವು ಎರಡ್ರಲ್ಲೂ ಗೆದ್ರಲ್ಲ! ಅಂದ್ಮೇಲೆ ಗೆದ್ದಿದ್ದು ಸಾಫ್ಟ್‌ವೇರಲ್ಲ. ನನ್ ಸರದೀಲೆಲ್ಲ ನಂಗೆ ಎಂಥಾ ತಂಪು, ಪಾಪ, ಆ ಡಬ್ಬಿಗೆ ಎಂಥಾ ಸೆಖೆ!"

ಸೊಸೆ ಡಬ್ಬಿ ಮುಟ್ಟಿ ಕೈ ಹಿಂದೆಳೆದಳು. ಲ್ಯಾಪ್‌ಟಾಪಿನಲ್ಲಿ ಏನೋ ತೆರೆದು ನೋಡಿದಳು. ಹಲಗೆ ಕಾದಾಗಲೆಲ್ಲ, ಸುಟ್ಟುಹೋಗದಿರಲೆಂದು, ತನ್ನ ವೇಗವನ್ನು ತಾನೇ ಇಳಿಸಿಕೊಂಡಿತ್ತು. ಅಷ್ಟು ಸಣ್ಣದಕ್ಕೆ ಅಷ್ಟು ಬುದ್ಧಿ! ಮಗ್ಗದ ಮೋಟಾರುಗಳಿಗೆ ಅದರಲ್ಲಿ ಅರ್ಧವಿದ್ದಿದ್ದರೆ ಎಷ್ಟು ಕಾಯಿಲ್ ಸುಡದೆ ಉಳಿಯುತ್ತಿತ್ತೋ.

"ಮಾವ," ಎಂದಳು, ನಗುವನ್ನು ಕಷ್ಟಪಟ್ಟು ಹಿಡಿದು, "ನಿಮ್ ಗೆಲುವು ನಂಬಿ ಡಬ್ಬಿ ಮುಚ್ಚಿ ಬಿಟ್ಟಿದ್ರೆ ತಿಂಗಳಲ್ಲಿ ಅರ್ಧ ಫೋಟೋನೂ ಬರ್ತಿರ್ಲಿಲ್ಲ. ಬೈಲಾ, ಕೈ ಮುಗೀಲಾ?"

"ಎರಡೂ ಮಾಡಮ್ಮ, ನಂಗೇನ್ ಬೇಜಾರಿಲ್ಲ. ಕಿತಾಪತಿ ಮಾಡ್ದೇ ಇದ್ದಿದ್ರೆ ಈ ಸೆಖೆ ವಿಷ್ಯ ಗೊತ್ತಾಗ್ತಿತ್ತಾ?"

ಮುಚ್ಚಳ ಹೋಗಿ ತೆಳ್ಳನೆ ಬಟ್ಟೆ ಬಂತು. ಇಬ್ಬರ ಸರದಿಯಲ್ಲೂ ಒಂದೇ ಗಾಳಿ ಬಿಟ್ಟು ಮತ್ತೆ ಓಡಿಸಿದೆವು. ಕಿತ್ತ ಎಳೆಯೊಂದನ್ನು ಗಂಟು ಹಾಕುವಷ್ಟು ಹೊತ್ತಿನ ವ್ಯತ್ಯಾಸವೂ ಇರಲಿಲ್ಲ. ನನ್ನದು ಒಟ್ಟೊಟ್ಟಿಗೆ ಎಳೆಯಹೋಗಿ ಆ ಸೈಟಿನಿಂದ ಆಗಾಗ ಒದೆಸಿಕೊಂಡು ಅರ್ಧಕ್ಕೇ ನಿಲ್ಲುತ್ತಿತ್ತು. ಬೀಗರದು ನಿಂತಲ್ಲಿಂದಲೇ ತಣ್ಣಗೆ ಮುಂದುವರಿಯುತ್ತಿತ್ತು. ಸೊಸೆ ಬೀಗರದನ್ನೇ ಹಾಕಿದಳು. ಅವರು ಜಂಬ ಕೊಚ್ಚಿಕೊಳ್ಳಲಿಲ್ಲ. ನಾನಾಗಿದ್ದರೆ ಊರಿಗೆಲ್ಲ ಲಾಡು ಹಂಚುತ್ತಿದ್ದೆ. ಅಂಥ ದೊಡ್ಡ ಮನುಷ್ಯ.

ಸೈಟು ಮುಚ್ಚುವ ಮೊದಲೇ ಎಲ್ಲ ಫೋಟೋಗಳೂ ಬಂದವು. ಸೊಸೆ ಒಂದೊಂದಾಗಿ ತೆರೆಯುತ್ತಾ ಹೋಗಿ, ಒಂದು ದಿನ ಶೆಡ್ಡಿನಿಂದಲೇ ಕೂಗಿದಳು. ಬೀಗರಿಗೆ ಫೋನ್ ಹೋಯಿತು, ಅವರು ಮತ್ತೆ ಬಸ್ಸು ಹತ್ತಿದರು. ಹುಣಸೆ ಎಲೆಗಳು ಕಡ್ಡಿಯ ಎರಡೂ ಕಡೆ ಜೋಡಿ ಜೋಡಿಯಾಗಿ ಹೋಗಿದ್ದವು. ಒಂದೊಂದು ಎಳೆಯನ್ನೂ ಎಣಿಸಬಹುದಿತ್ತು. ಯಾವ ಪುಣ್ಯಾತ್ಮನ ಕೈಯೋ! ಅವಳು ಇನ್ನೂ ದೊಡ್ಡದು ಮಾಡಿದಾಗ ನನ್ನ ಕಣ್ಣಿಗೆ ಬಿತ್ತು: ಒಂದೇ ಒಂದು ಎಲೆ ತಿರುಗುಮುರುಗಾಗಿ ಕೂತಿತ್ತು.

"ತಪ್ಪಾಗಿದೆ, ಪಾಪ," ಎಂದರು ಬೀಗರು.

"ತಪ್ಪಲ್ಲ ಬೀಗ್ರೇ. ಇಷ್ಟು ಚೆನ್ನಾಗಿ ನೇಯೋನು ಅಲ್ ಮಾತ್ರ ತಪ್ತಾನಾ? ಬೇಕಂತ್ಲೇ ಮಾಡವ್ನೆ. ಯಾರ್ ಕಣ್ಣಿಗೆ ಬೀಳುತ್ತೆ ನೋಡಾಣ ಅಂತ."

ಬೀಗರು ನನ್ನನ್ನು ನೋಡಿದರು, ಮತ್ತೆ ಎಲೆಯನ್ನು ನೋಡಿದರು. "ಸರಿಮಾಡ್ತೀಯೇನಮ್ಮ?" ಎಂದು ಮಗಳನ್ನು ಕೇಳಿದರು.

"ಮುಟ್ಟಲ್ಲಪ್ಪ," ಎಂದಳು ಅವಳು. ತನ್ನ ಸೀರೆಗೆಂದು ಆಗಲೇ ಎಳೆಗಳನ್ನು ಎಣಿಸಲು ಶುರು ಮಾಡಿದ್ದಳು.