ಅಮ್ಮನ ‘ಸ್ವಲ್ಪ’

ನನ್ನ ಎಡಗಾಲಿನ ವಿಷಯದಲ್ಲಿ ಅಮ್ಮನ ಬಳಿ ಒಂದೇ ಒಂದು ಪದವಿತ್ತು: ಸ್ವಲ್ಪ. “ಸ್ವಲ್ಪ ಎಳೀತಾಳೆ, ಅಷ್ಟೆ.” ಚಾಮರಾಜಪೇಟೆಯ ನಮ್ಮ ವಠಾರಕ್ಕೆ ಹೊಸದಾಗಿ ಬಾಡಿಗೆಗೆ ಬಂದವರಿಗೂ ಅದೇ ಮಾತು, ಹೆಣ್ಣು ನೋಡಲು ಬಂದವರಿಗೂ ಅದೇ ಮಾತು. ಮಗುವಾಗಿದ್ದಾಗ ಪೋಲಿಯೋ ಬಂದು ತೊಡೆಯಿಂದ ಪಾದದವರೆಗೆ ಸೊರಗಿದ ಕಾಲು ಅದು. ಮಂಡಿಯನ್ನು ನಂಬುವ ಹಾಗಿರಲಿಲ್ಲ. ಎಡಗೈಯಿಂದ ತೊಡೆಯನ್ನು ಹಿಂದಕ್ಕೆ ಒತ್ತಿ ಹಿಡಿದರೆ ಮಾತ್ರ ನನ್ನ ಭಾರ ಹೊರುತ್ತಿತ್ತು, ಕೈ ತೆಗೆದರೆ ಮಡಚಿಕೊಳ್ಳುತ್ತಿತ್ತು. ಇಷ್ಟಕ್ಕೆಲ್ಲ ಸೇರಿಸಿ ಅಮ್ಮ ಸ್ವಲ್ಪ ಎಂದು ಹೆಸರಿಟ್ಟಿದ್ದಳು.

ಆ ಸ್ವಲ್ಪವನ್ನು ಕಾಪಾಡಿಕೊಳ್ಳಲು ನಾವಿಬ್ಬರೂ ಪಟ್ಟ ಪಾಡು ಮಾತ್ರ ಸ್ವಲ್ಪದ್ದಲ್ಲ. ಹೆಣ್ಣು ನೋಡಲು ಯಾರಾದರೂ ಬರುತ್ತಾರೆಂದರೆ ಹಿಂದಿನ ವಾರದಿಂದಲೇ ನಡುಮನೆಯಲ್ಲಿ ತಾಲೀಮು. ಸೀರೆಯನ್ನು ಪಾದ ಮುಚ್ಚುವಂತೆ ಇಳಿಸಿ ಉಡಬೇಕು. ಸೆರಗನ್ನು ಮಡಿಕೆ ಹಾಕದೆ ಎಡಗೈ ಮೇಲೆ ಇಳಿಬಿಡಬೇಕು. ಅದರ ಮರೆಯಲ್ಲಿ ಕೈ ತೊಡೆಯನ್ನು ಒತ್ತುತ್ತಿರಬೇಕು, ಒತ್ತುತ್ತಿರುವುದು ಯಾರಿಗೂ ಕಾಣಬಾರದು. ಕಾಫಿಯ ಟ್ರೇ ಅಮ್ಮನ ಕೈಯಲ್ಲಿ, ಬಲಗೈಯಲ್ಲಿ ಹಿಡಿಯಬಹುದಾದ ವೀಳ್ಯದ ತಟ್ಟೆ ನನ್ನ ಪಾಲಿಗೆ. “ಅವಸರ ಮಾಡ್ಬೇಡ, ತಲೆ ತಗ್ಗಿಸಿ ನಡಿ” ಎಂದು ಅಮ್ಮ ಬಾಗಿಲ ಬಳಿ ನಿಂತು ಹೇಳಿಕೊಡುತ್ತಿದ್ದಳು. ನೋಡುವವರಿಗೆ ನಾಚಿಕೆಯಿಂದ ಮೆಲ್ಲಗೆ ನಡೆಯುವ ಹುಡುಗಿ ಕಾಣುತ್ತಿದ್ದಳು. ನಾಚಿಕೆಯಂತೂ ನನಗೆ ಹುಟ್ಟಿದಾಗಿನಿಂದಲೇ ಇರಲಿಲ್ಲ, ಇದ್ದದ್ದು ಬಿದ್ದುಬಿಡುತ್ತೇನೆಂಬ ಭಯ. ಉಪ್ಪಿಟ್ಟು ಕೇಸರಿಬಾತು ತಿಂದು “ತಿಳಿಸ್ತೀವಿ” ಎಂದು ಹೋದವರು ಯಾರೂ ತಿಳಿಸಲಿಲ್ಲ. ತಾಲೀಮು ಮಾತ್ರ ನಿಲ್ಲಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತಿದ್ದಾಗ ಒಂದು ಸರ್ಕಾರಿ ಕಚೇರಿಯ ಗುಮಾಸ್ತೆ ಕೆಲಸಕ್ಕೆ ಅಂಗವಿಕಲರ ಮೀಸಲಾತಿಯಲ್ಲಿ ಅರ್ಜಿ ಹಾಕಿದೆ. ಪರೀಕ್ಷೆ ಬರೆದೆ, ಆಯ್ಕೆಯೂ ಆದೆ. ಉಳಿದಿದ್ದು ವೈದ್ಯಕೀಯ ಮಂಡಳಿಯ ಪ್ರಮಾಣಪತ್ರ. ಅಂಗವಿಕಲತೆ ಶೇಕಡಾ ನಲವತ್ತಕ್ಕಿಂತ ಕಡಿಮೆ ಇರಬಾರದು, ಪತ್ರವನ್ನು ಸಂಕ್ರಾಂತಿಯೊಳಗೆ ಕೊಡಬೇಕು, ಕೊಡದಿದ್ದರೆ ಕೆಲಸ ಮುಂದಿನವರಿಗೆ. ಅಪ್ಪ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಪ್ರೈಮರಿ ಶಾಲೆಯ ಮೇಡಂ ಆಗಿದ್ದ ಅಮ್ಮ ನಿವೃತ್ತಿಯ ಹೊಸ್ತಿಲಲ್ಲಿದ್ದಳು. ಅವಳ ನಂತರ ನಾನು ಯಾವ ಸೋದರಮಾವನ ಮನೆಯ ಹಿತ್ತಲ ಕೋಣೆಯಲ್ಲಿ ಬಟ್ಟೆ ಮಡಚಿಕೊಂಡು ಕೂರಬೇಕಾಗುತ್ತದೋ ಎಂದು ದಿನವೂ ಯೋಚಿಸುತ್ತಿದ್ದೆ. ನನಗೆ ಆ ಕೆಲಸ ಬೇಕೇ ಬೇಕಿತ್ತು.

ಮಂಡಳಿಯ ಮುಂದೆ ಹೋಗುವ ದಿನ ಅಮ್ಮ ರಜೆ ಹಾಕಿದಳು. ದೊಡ್ಡ ಆಸ್ಪತ್ರೆ, ದೊಡ್ಡ ಡಾಕ್ಟರು, ನೀಟಾಗಿ ಹೋಗಬೇಕು ಎಂದು ಮೈಸೂರು ಸಿಲ್ಕ್ ತೆಗೆದಿಟ್ಟಳು. ಬಳೇಪೇಟೆಯಿಂದ ತಂದ ಹಸಿರು ಬಳೆ ತೊಡಿಸಿದಳು, ಮಲ್ಲಿಗೆ ಮುಡಿಸಿದಳು. ಬಸ್ಸಿನಲ್ಲಿ ಅಂಗವಿಕಲರಿಗೆ ಎಂದು ಬರೆದ ಸೀಟಿನಲ್ಲಿ ಒಬ್ಬಾತ ಕುಳಿತು ನಿದ್ದೆ ಮಾಡುತ್ತಿದ್ದ. ನಾವು ಯಾವತ್ತಿನಂತೆ ಅದರ ಪಕ್ಕದಲ್ಲೇ ಕಂಬಿ ಹಿಡಿದು ನಿಂತೆವು. ಆ ಸೀಟು ಕೇಳುವುದೆಂದರೆ ಇಡೀ ಬಸ್ಸಿಗೆ ಕಾಲು ತೋರಿಸಿದಂತೆ ಎಂದು ಅಮ್ಮನ ಲೆಕ್ಕ.

ಆಸ್ಪತ್ರೆಯ ವರಾಂಡದಲ್ಲಿ ಕಾದು ಕಾದು ನನ್ನ ಸರದಿ ಬರುವಷ್ಟರಲ್ಲಿ ಊಟದ ಹೊತ್ತು. ಡಾಕ್ಟರು ತಲೆ ಎತ್ತದೆಯೇ “ನಡೀರಿ” ಎಂದರು. ಸೆರಗು ಇಳಿಬಿಟ್ಟುಕೊಂಡು, ತಲೆ ತಗ್ಗಿಸಿ, ಅವಸರ ಮಾಡದೆ ನಡೆದೆ. ಇಷ್ಟು ವರ್ಷಗಳಲ್ಲಿ ಅಷ್ಟು ಚೆನ್ನಾಗಿ ಎಂದೂ ನಡೆದಿರಲಿಲ್ಲ, ಹಾಳಾಗಿ ಹೋಗಲಿ.

“ಮೆಟ್ಲು ಹತ್ತೀರಾ?” ಎಂದರು. ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಉತ್ತರಿಸಿದಳು.

“ಹತ್ತಾಳೆ ಡಾಕ್ಟ್ರೇ. ಮನೆ ಕೆಲ್ಸ ಎಲ್ಲಾ ಅವಳೇ ಮಾಡ್ಕೋತಾಳೆ. ಅಡುಗೆ ಬರುತ್ತೆ. ರಂಗೋಲಿನೂ ಚೆನ್ನಾಗಿ ಹಾಕ್ತಾಳೆ.”

“ಮತ್ತೆ ಕಾಲು?”

“ಸ್ವಲ್ಪ ಎಳೀತಾಳೆ, ಅಷ್ಟೆ.”

ಡಾಕ್ಟರು ಕಾಲನ್ನು ಮುಟ್ಟಲಿಲ್ಲ, ಅಳೆಯಲಿಲ್ಲ, ನನ್ನನ್ನು ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಮಂಡಳಿಯ ಇತರರು ಅವರು ಬರೆದದ್ದರ ಕೆಳಗೆ ಸಹಿ ಹಾಕಿದರು. ಮುಂದಿನ ವಾರ ಕೈಗೆ ಬಂದ ಪತ್ರದಲ್ಲಿ ಶೇಕಡಾ ಮೂವತ್ತೈದು ಎಂದಿತ್ತು. ನನಗೆ ಕೋಪ ನೆತ್ತಿಗೇರಿತು. ಅಳೆಯದೆ ಹೇಗೆ ಬರೆದರು? ಅಮ್ಮನ ‘ಸ್ವಲ್ಪ’ಕ್ಕೆ ಸರ್ಕಾರಿ ತರ್ಜುಮೆ ಮಾಡಿಟ್ಟಿದ್ದರು!

“ಅವರು ಹೆಣ್ಣು ನೋಡಕ್ಕೆ ಬಂದಿದ್ರೇನಮ್ಮ? ರಂಗೋಲಿ ವಿಷಯ ಯಾಕೆ ಹೇಳ್ದೆ?” ಎಂದು ಕಿರುಚಿದೆ.

“ಬಾಯಿಗೆ ಅದೇ ಬಂತು ಕಣೇ” ಎಂದಳು ಅಮ್ಮ. ಅವಳ ಮುಖ ನೋಡಿ ನನ್ನ ಕಿರುಚಾಟ ಅರ್ಧಕ್ಕೇ ನಿಂತಿತು.

ಅಪೀಲು ಹಾಕಬಹುದು ಎಂದು ಯಾರೋ ಹೇಳಿದರು. ಅದನ್ನು ತೆಗೆದುಕೊಳ್ಳುವ ಕಿಟಕಿಯ ಗುಮಾಸ್ತರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಚೆನ್ನಾಗಿ ನಡೀತೀರಲ್ಲಮ್ಮ, ಸಂತೋಷ ಪಡೋದು ಬಿಟ್ಟು ಇದೇನ್ರಿ” ಎಂದರು. ಸಂತೋಷ ಪಡುವುದು ಹೇಗೆಂದು ನನಗೆ ತಿಳಿಯಲಿಲ್ಲ. ಮದುವೆಗೆ ಕುಂಟು ಜಾಸ್ತಿ, ಕೆಲಸಕ್ಕೆ ಕುಂಟು ಸಾಲದು. ಹಾಗಾದರೆ ನಾನು ಯಾವುದಕ್ಕೆ ಸರಿಹೋಗುತ್ತೇನೆ ಎಂದು ಆ ಕಿಟಕಿಯೊಳಗೆ ತಲೆ ತೂರಿಸಿ ಕೇಳಬೇಕೆನಿಸಿತು. ಕೇಳಲಿಲ್ಲ. ಅರ್ಜಿ ಅವರ ಕೈಯಲ್ಲಿತ್ತು.

ಆಮೇಲಿನ ದಿನಗಳೆಲ್ಲ ಕಾಯುವುದರಲ್ಲೇ ಕಳೆದವು. ಪೋಸ್ಟ್‌ಮ್ಯಾನ್ ಸೈಕಲ್ಲಿನ ಬೆಲ್ ಕೇಳಿದರೆ ಬಾಗಿಲಿಗೆ ಬರುತ್ತಿದ್ದೆ, ಅದು ವಠಾರ ದಾಟಿ ಹೋದರೆ ಒಳಗೆ ಹೋಗುತ್ತಿದ್ದೆ. ದೀಪಾವಳಿ ಆಯಿತು. ಬಸವನಗುಡಿಯ ಕಡಲೆಕಾಯಿ ಪರಿಷೆಯೂ ಮುಗಿದು ಅಮ್ಮ ತಂದ ಹಸಿಕಾಯಿ ಒಣಗಿತು. ಸಂಕ್ರಾಂತಿ ಹತ್ತಿರ ಬರುತ್ತಿತ್ತು. ನಿದ್ದೆ ಬಾರದೆ ಹೊರಳಾಡುತ್ತಾ ಒಂದೇ ಯೋಚನೆ: ಎರಡನೇ ಸಲ ಕರೆದರೆ ಹೇಗೆ ನಡೆಯಬೇಕು? ಹಿಂದಿನ ಸಲದಂತೆ ನಡೆದರೆ ಮತ್ತೆ ಮೂವತ್ತೈದು. ಬೇರೆ ರೀತಿ ನಡೆದರೆ ನಾಟಕ ಅನ್ನುತ್ತಾರೆ. ಪಕ್ಕದ ಮನೆಯಾಕೆ “ಒಂದಿಷ್ಟು ಜಾಸ್ತಿ ಕುಂಟಿಬಿಡಮ್ಮ, ಯಾರಿಗ್ ಗೊತ್ತಾಗುತ್ತೆ” ಎಂದು ಉಪಾಯ ಹೇಳಿದರು. ನನ್ನ ಕಾಲಿಗೆ ನಾನೇ ಸುಳ್ಳು ಸೇರಿಸಬೇಕೇ? ಅಮ್ಮ ಇಲ್ಲದಾಗ ನಡುಮನೆಯಲ್ಲಿ ನಡೆದು ನೋಡಿದೆ. ನಿಜವಾದ ನನ್ನ ನಡಿಗೆ ಯಾವುದೆಂದು ನನಗೇ ಗೊತ್ತಾಗಲಿಲ್ಲ. ಹೆದರಿಕೆಯಾಯಿತು.

ಸಂಕ್ರಾಂತಿಗೆ ಇನ್ನೇನು ವಾರವಿದೆ ಎನ್ನುವಾಗ ಕರೆ ಬಂತು. “ಈ ಸಲ ನೀನು ಬರ್ಬೇಡಮ್ಮ” ಎಂದೆ. “ಬರ್ತೀನಿ. ಬಾಯಿ ತೆಗೆಯಲ್ಲ” ಎಂದಳು. ರೇಷ್ಮೆ, ಹೂವು ಯಾವುದೂ ಇರಲಿಲ್ಲ. ನಾನು ಹತ್ತಿಯ ಸೀರೆ ಉಟ್ಟೆ. ಇವತ್ತು ಎಡಗೈಯನ್ನು ಸೆರಗಿನ ಹೊರಗೇ ಇಟ್ಟು, ಎಲ್ಲರಿಗೂ ಕಾಣುವಂತೆ ತೊಡೆ ಒತ್ತಿಕೊಂಡು ನಡೆಯುತ್ತೇನೆ ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜಪ ಮಾಡಿದೆ.

ಈ ಡಾಕ್ಟರು ವಯಸ್ಸಾದವರು, ಮುಖ ನೋಡಿ ಮಾತಾಡುವವರು. ಸುತ್ತ ಇನ್ನೂ ನಾಲ್ಕೈದು ಜನ ಕುಳಿತಿದ್ದರು. “ನಡೀರಿ ನೋಡೋಣ” ಎಂದರು. ಅಷ್ಟು ಗಂಡಸರ ಕಣ್ಣು ನನ್ನ ಕಾಲಿನ ಮೇಲೆ ಬಿದ್ದಿದ್ದೇ ತಡ, ನನ್ನ ಜಪ ಎಲ್ಲಿ ಹೋಯಿತೋ, ಎಡಗೈ ತಾನಾಗಿಯೇ ಸೆರಗಿನ ಮರೆಗೆ ಸರಿಯಿತು. ತಲೆ ತಗ್ಗಿತು. ಮೆಲ್ಲಗೆ, ನಾಚಿದವಳಂತೆ, ಗೋಡೆಯವರೆಗೆ ಹೋಗಿ ಬಂದೆ. ಮುಗಿಯಿತು ನನ್ನ ಕಥೆ ಅಂದುಕೊಂಡೆ. ಡಾಕ್ಟರು ಪೆನ್ನು ತೆಗೆದರು.

“ಒಂದ್ನಿಮಿಷ ಡಾಕ್ಟ್ರೇ” ಎಂದು ಬಾಗಿಲ ಬಳಿಯಿಂದ ಅಮ್ಮನ ದನಿ ಬಂತು. “ಅವಳ ಎಡಗೈ ನೋಡಿ.”

ಎಲ್ಲರೂ ತಿರುಗಿದರು. ಅಮ್ಮ ನೇರವಾಗಿ ನನ್ನ ಬಳಿ ಬಂದು ಸೆರಗನ್ನೆತ್ತಿ, ನೆಲ ಸಾರಿಸುವಾಗ ಸಿಕ್ಕಿಸುವ ಹಾಗೆ ನನ್ನ ಸೊಂಟಕ್ಕೆ ಸಿಕ್ಕಿಸಿದಳು. ತೊಡೆಯನ್ನು ಒತ್ತಿ ಹಿಡಿದಿದ್ದ ನನ್ನ ಕೈ ಎಲ್ಲರ ಮುಂದೆ ಬಯಲಾಯಿತು.

“ಇದು ಅವಳ ನಡಿಗೆ ಅಲ್ಲ. ನಾನು ಕಲ್ಸಿದ್ದು. ಹೆಣ್ಣು ನೋಡಕ್ಕೆ ಬರ್ತಾರಲ್ಲ, ಅವರಿಗೆ ಗೊತ್ತಾಗ್ಬಾರ್ದು ಅಂತ.” ಮೇಡಂ ಪಾಠ ಹೇಳುವ ದನಿಯಲ್ಲೇ ಹೇಳಿದಳು. ಆಮೇಲೆ ಕೊಡೆ, ನೀರಿನ ಬಾಟಲಿ, ಬುತ್ತಿ ತುಂಬಿದ್ದ ತನ್ನ ಬ್ಯಾಗನ್ನು ನನ್ನ ಎರಡೂ ಕೈಗಳಲ್ಲಿ ಇಟ್ಟಳು. “ಹೀಗೇ ಹಿಡ್ಕೊಂಡು ನಡಿ.”

ಅವಳ ಮುಖ ನೋಡಿದೆ. ನಡೆದರೆ ಏನಾಗುತ್ತದೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಬಲಗಾಲು ಮುಂದಿಟ್ಟೆ. ಎಡಗಾಲಿನ ಮೇಲೆ ಭಾರ ಬೀಳುತ್ತಲೇ ಮಂಡಿ ಮಡಚಿತು, ಬ್ಯಾಗಿನ ಸಮೇತ ನೆಲಕ್ಕೆ ಬಿದ್ದೆ. ಬಾಟಲಿ ಉರುಳಿ ಮೇಜಿನ ಕೆಳಗೆ ಹೋಯಿತು. ಚಿಕ್ಕಂದಿನಿಂದ ನಾನು ಬೀಳುವ ಮೊದಲೇ ಹಿಡಿಯುತ್ತಿದ್ದ ಅಮ್ಮ ಅವತ್ತು ಹಿಡಿಯಲಿಲ್ಲ. ಎರಡೂ ಕೈ ಬಿಗಿಯಾಗಿ ಕಟ್ಟಿಕೊಂಡು ನಿಂತಿದ್ದಳು.

“ಸಾಕು, ಸಾಕು” ಎಂದು ಡಾಕ್ಟರೇ ಎದ್ದು ಬಂದರು. ಆಮೇಲೆ ಮಲಗಿಸಿ, ಟೇಪು ಹಿಡಿದು ಎರಡೂ ಕಾಲು ಅಳೆದರು, ಒತ್ತಿಸಿದರು, ಎತ್ತಿಸಿದರು, ಬರೆದುಕೊಂಡರು. ಪತ್ರ ಅಂದೇ ಸಂಜೆ ಕೈಗೆ ಬಂತು. ಶೇಕಡಾ ಐವತ್ತು.

ಕೆಲಸ ಸಿಕ್ಕಿತು ಎಂದು ವರಾಂಡದಲ್ಲೇ ನನಗೆ ಕುಣಿಯುವಷ್ಟು ಖುಷಿಯಾಯಿತು. ಅಮ್ಮ ಕನ್ನಡಕ ಏರಿಸಿ ಪತ್ರವನ್ನು ಎರಡು ಸಲ ಓದಿದಳು. ಮಡಚಿ ಬ್ಯಾಗಿಗೆ ಹಾಕುತ್ತಾ, “ಇನ್ಮೇಲೆ ಯಾರಿಗೂ ಸ್ವಲ್ಪ ಅನ್ನೋ ಹಾಗಿಲ್ಲ, ಅಲ್ವೇನೇ?” ಎಂದಳು. ನನ್ನ ಮದುವೆಯ ಆಸೆಯನ್ನೇ ಅವಳು ಆ ಕೋಣೆಯಲ್ಲಿ ಕೈಬಿಟ್ಟು ಬಂದಿದ್ದಾಳೆಂದು ನನಗೆ ಆಗ ತಿಳಿಯಿತು.

ಮನೆಗೆ ಹೋಗುವ ಬಸ್ಸು ತುಂಬಿತ್ತು. ಅಂಗವಿಕಲರ ಸೀಟಿನಲ್ಲಿ ಒಬ್ಬ ಯುವಕ ಕುಳಿತಿದ್ದ. ಅಭ್ಯಾಸದಂತೆ ನಾನು ಕಂಬಿ ಹಿಡಿದೆ. ಅಮ್ಮ ಅವನ ಭುಜ ತಟ್ಟಿದಳು.

“ಸ್ವಲ್ಪ ಏಳ್ತೀಯಾಪ್ಪ? ನನ್ನ ಮಗಳಿಗೆ ನಿಲ್ಲೋಕಾಗಲ್ಲ.”

ಇಡೀ ಬಸ್ಸಿಗೆ ಕೇಳಿಸುವಷ್ಟು ಜೋರಾಗಿ ಹೇಳಿದಳು. ಹುಡುಗ ತಟ್ಟನೆ ಎದ್ದ. ನಾನು ಕುಳಿತೆ. ಅಮ್ಮ ಕಂಬಿ ಹಿಡಿದು ನನ್ನ ಪಕ್ಕದಲ್ಲಿ ನಿಂತಳು, ನಮ್ಮ ಸ್ಟಾಪು ಬರುವವರೆಗೂ ಕಿಟಕಿಯಾಚೆಗೇ ನೋಡುತ್ತಿದ್ದಳು.