ಹನ್ನೊಂದನೇ ಡೋರಿನಲ್ಲಿ ಇಲ್ಲದ ಗಾಡಿ

2022ರ ಜನವರಿಯಲ್ಲಿ ನಾನು ಮಿಷಿಗನ್ನಿನ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿದ್ದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಸೀನಿಯರ್ ಗ್ರಾಫಿಕ್ಸ್ ಪ್ರೋಗ್ರಾಮರ್ ಆಗಿದ್ದೆ. ದೊಡ್ಡ ಗೋದಾಮುಗಳ ಅಂಗಳದಲ್ಲಿ ಟ್ರೇಲರ್ ಎಳೆದಾಡುವ ಗಾಡಿಗಳು ಯಾವ ಕ್ಷಣಕ್ಕೆ ಎಲ್ಲಿವೆ ಎಂಬುದನ್ನು ಪರದೆಯ ಮೇಲೆ ಚುಕ್ಕಿಗಳಾಗಿ ತೋರಿಸುವುದು ನಮ್ಮ ಪ್ರೋಗ್ರಾಮಿನ ಕೆಲಸ. ಅದರಲ್ಲಿ ಚಿತ್ರ ಬಿಡಿಸುವ ಭಾಗ ಪೂರ್ತಿ ನನ್ನದು. ಅದರ ಬಗ್ಗೆ ಯಾರಾದರೂ ಕೊಂಕು ತೆಗೆದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಈಗಲೂ ಸ್ವಲ್ಪ ಉರಿಯುತ್ತದೆ.

ಪರದೆಯ ಚಿತ್ರವನ್ನು ನೇರವಾಗಿ ಪರದೆಯ ಮೇಲೆ ಬಿಡಿಸುವುದಿಲ್ಲ. ಹಾಗೆ ಮಾಡಿದರೆ ಬಿಡಿಸುವುದು ಕಣ್ಣಿಗೆ ಬಿದ್ದು ಚಿತ್ರ ಮಿನುಗುತ್ತದೆ. ಅದಕ್ಕೇ ಮೊದಲು ಮೆಮೊರಿಯಲ್ಲಿ ಬಫರ್ ಎಂಬ ಮರೆಯ ಹಾಳೆಯ ಮೇಲೆ ಬಿಡಿಸಿ, ಮುಗಿದ ಮೇಲೆ ಒಂದೇ ಸಲಕ್ಕೆ ಪರದೆಗೆ ತರುತ್ತೇವೆ. ಗಾಡಿ ಯಾವ ಕಡೆಯಿಂದ ಬಂತೆಂದು ತಿಳಿಯಲು ಚುಕ್ಕಿಯ ಹಿಂದೆ ಮಾಸುತ್ತ ಹೋಗುವ ಜಾಡು ಇರಬೇಕಾಗಿತ್ತು. ಜಾಡಿಗೆಂದು ನಾನು ಇನ್ನೊಂದು ಬಫರ್ ಇಟ್ಟಿದ್ದೆ. ಅದನ್ನು ಅಳಿಸುವುದೇ ಇಲ್ಲ. ಸೆಕೆಂಡಿಗೆ ಹತ್ತು ಸಲ ಅದರ ಬೆಳಕನ್ನು ಹದಿನಾರರಲ್ಲಿ ಹದಿನೈದು ಪಾಲಿಗೆ ಇಳಿಸುತ್ತ ಹೋಗುವುದು. ಐದಾರು ಸೆಕೆಂಡಿನಲ್ಲಿ ಜಾಡು ಕರಗಿ ಕಪ್ಪಾಗುತ್ತಿತ್ತು. ಡೆಮೋ ನೋಡಿದವರೆಲ್ಲ ಹೊಗಳಿದ್ದರು.

ಹೊಗಳದೆ ಉಳಿದವರು ವಿಮಲಾ ಆಂಟಿ ಒಬ್ಬರೇ. ಮೈಸೂರಿನವರು, ಅರವತ್ತೆರಡು ವರ್ಷ. ಇಲಿನಾಯ್‌ನ ಪ್ಲೇನ್‌ಫೀಲ್ಡ್ ಹತ್ತಿರದ ಒಂದು ಗೋದಾಮಿನಲ್ಲಿ ಹಗಲು ಪಾಳಿಯ ಡಿಸ್ಪ್ಯಾಚರ್. ಯಾವ ಗಾಡಿ ಸರಕು ಏರಿಸಿ ಇಳಿಸುವ ಯಾವ ಡೋರಿಗೆ ಹೋಗಬೇಕೆಂದು ಪರದೆ ನೋಡಿ ರೇಡಿಯೋದಲ್ಲಿ ಹೇಳುವುದು ಅವರ ಕೆಲಸ. ಗಾಡಿ ಇಲ್ಲದ ಜಾಗದಲ್ಲಿ ಬೂದು ಚುಕ್ಕಿ ಕಾಣುತ್ತದೆ, ಅಂಗಳವೆಲ್ಲ ಧೂಳು ಮೆತ್ತಿದ ಹಾಗಿದೆ ಎಂದು ಅವರು ಮೂರು ಸಲ ದೂರು ಬರೆದರು. ನಿಂತ ಗಾಡಿಯನ್ನು ನಾವು ಬೂದು ಬಣ್ಣದಲ್ಲೇ ತೋರಿಸುತ್ತಿದ್ದುದರಿಂದ, ಅಂಥ ಚುಕ್ಕಿ ಕಂಡಾಗಲೆಲ್ಲ ಅವರು ಆ ಡೋರಿಗೆ ಬರುವ ಗಾಡಿಗಳನ್ನು ತಡೆದು ನಿಲ್ಲಿಸುತ್ತಿದ್ದರು. ಅವರು ಕಳಿಸಿದ ಪರದೆಯ ಚಿತ್ರಗಳನ್ನು ನನ್ನ ಮಾನಿಟರಿನಲ್ಲಿ ತೆರೆದು ನೋಡಿದೆ. ಕಪ್ಪು ಅಂದರೆ ಕಪ್ಪು. ಮೂರು ಸಲವೂ ‘ದೋಷ ಕಾಣಲಿಲ್ಲ’ ಎಂದು ಬರೆದು ದೂರನ್ನು ಮುಚ್ಚಿದೆ.

ಒಂದು ಬುಧವಾರ ಅವರೇ ಫೋನ್ ಮಾಡಿದರು. ಕನ್ನಡ ಸಂಘದ ವಾಟ್ಸಾಪ್ ಗುಂಪಿನಲ್ಲಿ ನನ್ನ ನಂಬರ್ ಹುಡುಕಿದ್ದರಂತೆ.

“ಏನಮ್ಮಾ, ದೋಷ ಕಾಣ್ಲಿಲ್ಲ ಅಂತ ಬರೆದವಳು ನೀನೇನಾ? ನನಗೆ ಕಣ್ಣು ಕಾಣಲ್ಲ ಅಂತ ಇಲ್ಲಿ ತೀರ್ಮಾನ ಮಾಡ್ಬಿಟ್ಟಿದಾರೆ.”

ಗೋದಾಮಿನವರು ಅವರನ್ನು ಕಣ್ಣಿನ ಡಾಕ್ಟರ ಬಳಿಗೆ ಕಳಿಸಿದ್ದರು. ಸಣ್ಣ ಪೊರೆ ಇದೆ, ಕೆಲಸಕ್ಕೇನೂ ತೊಂದರೆಯಿಲ್ಲ ಎಂದು ಡಾಕ್ಟರು ಬರೆದರೆ, ಮೇಲಿನವರು ಮೊದಲ ಅರ್ಧವನ್ನು ಮಾತ್ರ ಓದಿಕೊಂಡರು. ಸೋಮವಾರದಿಂದ ಡಿಸ್ಪ್ಯಾಚ್ ಕುರ್ಚಿ ಬಿಟ್ಟು ಪ್ಯಾಕಿಂಗಿಗೆ ಬರಬೇಕೆಂದು ಹೇಳಿದ್ದರು. ಅಲ್ಲಿ ಎಂಟು ಗಂಟೆ ನಿಂತೇ ಕೆಲಸ. ಆಂಟಿಯ ಮಂಡಿ ಎರಡು ಗಂಟೆಯನ್ನೂ ತಡೆಯುತ್ತಿರಲಿಲ್ಲ.

ನನಗೆ ಅಯ್ಯೋ ಅನಿಸಬೇಕಿತ್ತು. ಅನಿಸಲಿಲ್ಲ. “ಆಂಟಿ, ಕೋಡ್ ಸರಿಯಾಗಿದೆ. ಕನ್ನಡಕ ಚೇಂಜ್ ಮಾಡಿ ನೋಡಿ” ಅಂದುಬಿಟ್ಟೆ.

“ಬಾಯಿ ಜೋರಿದೆಯಲ್ಲ, ಕಾಲೂ ಇದ್ರೆ ಬಂದು ನನ್ನ ಕುರ್ಚಿಲಿ ಕೂತ್ಕೊಂಡು ನೋಡು” ಎಂದು ಫೋನ್ ಕುಕ್ಕಿದರು.

ಅವರ ಬಾಯಿ ಮುಚ್ಚಿಸಲೆಂದೇ ಶುಕ್ರವಾರ ನಸುಕಿನಲ್ಲೇ ಕಾರು ತೆಗೆದೆ. ಸುಮಾರು ಮುನ್ನೂರು ಮೈಲಿ. ಹೊರಗೆ ಹನ್ನೆರಡು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವ ಚಳಿ, ರಸ್ತೆಯುದ್ದಕ್ಕೂ ಉಪ್ಪು ಬೆರೆತ ಹಿಮದ ರಾಡಿ. ದಾರಿಯಲ್ಲೆಲ್ಲ ಅವರಿಗೆ ಕೊಡಬೇಕಾದ ಉತ್ತರಗಳನ್ನು ಮನಸ್ಸಿನಲ್ಲೇ ಮಸೆಯುತ್ತಿದ್ದೆ.

ಆಂಟಿ ಸ್ವೆಟರ್ ಮೇಲೆ ಹಳದಿ ಸೇಫ್ಟಿ ಜಾಕೆಟ್ ತೊಟ್ಟಿದ್ದರು. ಬಾ ಎನ್ನಲಿಲ್ಲ, ಕಾಫಿ ಎನ್ನಲಿಲ್ಲ. ಕುರ್ಚಿಯಿಂದೆದ್ದು ಬೆರಳು ತೋರಿಸಿದರು. ಕಿಟಕಿಗೆ ಕರ್ಟನ್ ಎಳೆದು ಕೋಣೆ ಕತ್ತಲಾಗಿತ್ತು. ಗೋಡೆಯ ಮೇಲೆ ಅರವತ್ತೈದು ಇಂಚಿನ ಟಿವಿ, ಬೆಳಕು ಪೂರ್ತಿ ಏರಿಸಿದ್ದು. ಕೂತೆ. ಗಾಡಿಗಳು ಓಡಾಡುವ ದಾರಿಯೆಲ್ಲ ಬೂದು ಬಣ್ಣ ಬಳಿದಂತಿತ್ತು. ಹನ್ನೊಂದನೇ ಡೋರಿನ ಮುಂದೆ ಒಂದು ಮಂದ ಚುಕ್ಕಿ. ಆಂಟಿ ರೇಡಿಯೋದಲ್ಲಿ ಕೇಳಿದರು. ಅಲ್ಲಿ ಯಾವ ಗಾಡಿಯೂ ಇಲ್ಲವೆಂದು ಡ್ರೈವರ್ ಹೇಳಿದ.

ನಾನು ಎದ್ದು ಹೋಗಿ ಆ ಚುಕ್ಕಿಯನ್ನು ತೋಳಿನಿಂದ ಒರೆಸಿದೆ.

“ಒರೆಸು, ಒರೆಸು. ನಾನೂ ಮೂರು ವಾರ ಒರೆಸಿದೀನಿ” ಅಂದರು ಆಂಟಿ.

ಲ್ಯಾಪ್‌ಟಾಪ್ ತೆಗೆದು, ಟಿವಿಯಲ್ಲಿ ಆ ಕ್ಷಣ ಇದ್ದ ಚಿತ್ರವನ್ನೇ ಅದರಲ್ಲಿ ತೋರಿಸಿದೆ. “ನೋಡಿ, ಇದರಲ್ಲಿ ಏನೂ ಇಲ್ಲ.” ಆಂಟಿ ಬಗ್ಗಿ, ಬೆಳಕು ಹೆಚ್ಚಿಸುವ ಕೀಲಿಯನ್ನು ಒತ್ತಿದರು, ಇನ್ನೊಮ್ಮೆ ಒತ್ತಿದರು. ನಾಲ್ಕನೇ ಸಲಕ್ಕೆ ನನ್ನ ಲ್ಯಾಪ್‌ಟಾಪಿನಲ್ಲೂ ಹನ್ನೊಂದನೇ ಡೋರಿನ ಮುಂದೆ ಬೂದು ಚುಕ್ಕಿ ಬಂದು ಕೂತಿತು.

ನನಗೆ ತಲೆನೋವಿನ ಕಾಟ. ವರ್ಷಗಳಿಂದ ಆಫೀಸಿನ ಮಾನಿಟರನ್ನೂ ಲ್ಯಾಪ್‌ಟಾಪನ್ನೂ ಇಪ್ಪತ್ತು ಪರ್ಸೆಂಟ್ ಬೆಳಕಿನಲ್ಲಿಟ್ಟೇ ಕೆಲಸ ಮಾಡುತ್ತಿದ್ದೆ, ಅದರಲ್ಲೇ ಪರೀಕ್ಷೆಯನ್ನೂ ಮಾಡುತ್ತಿದ್ದೆ. ತಪ್ಪು ಏನೆಂದು ಹತ್ತು ನಿಮಿಷದಲ್ಲಿ ಗೊತ್ತಾಯಿತು. ಬಫರಿನಲ್ಲಿ ಬೆಳಕು ಸೊನ್ನೆಯಿಂದ 255ರವರೆಗಿನ ಪೂರ್ಣಾಂಕ. ಅದು ಇಳಿಯುತ್ತ ಎಂಟಕ್ಕೆ ಬಂದಾಗ ಅದರ ಹದಿನಾರರಲ್ಲಿ ಹದಿನೈದು ಪಾಲು ಏಳೂವರೆ. ಕಂಪ್ಯೂಟರ್ ಅದನ್ನು ಹತ್ತಿರದ ಪೂರ್ಣಾಂಕಕ್ಕೆ ಏರಿಸಿ ಮತ್ತೆ ಎಂಟು ಮಾಡುತ್ತದೆ. ಮುಂದಿನ ಸಲವೂ ಎಂಟು. ಸ್ಲೇಟನ್ನು ಎಷ್ಟು ಒರೆಸಿದರೂ ಉಳಿಯುವ ಬಳಪದ ಗುರುತಿನ ಹಾಗೆ, ಪ್ರೋಗ್ರಾಮ್ ನಿಲ್ಲಿಸುವವರೆಗೂ ಎಂಟು. ಗೋದಾಮಿನಲ್ಲಿ ಅದನ್ನು ಯಾರೂ ನಿಲ್ಲಿಸುತ್ತಿರಲಿಲ್ಲ. ಪ್ರತಿ ಸಲ ಕನಿಷ್ಠ ಒಂದಾದರೂ ಕಳೆಯಬೇಕೆಂದು ಒಂದು ಸಾಲು ಸೇರಿಸಿದೆ. ಪ್ರೋಗ್ರಾಮನ್ನು ಮತ್ತೆ ಶುರು ಮಾಡಿದ ಮೇಲೆ, ಗಾಡಿ ಹಾದುಹೋದ ಆರು ಸೆಕೆಂಡಿಗೆ ಅಂಗಳ ತೊಳೆದಿಟ್ಟಂತೆ ಕಪ್ಪಾಗುತ್ತಿತ್ತು.

ನಾಚಿಕೆಯಿಂದ ಕತ್ತೆತ್ತಲಾಗಲಿಲ್ಲ. “ಸಾರಿ ಆಂಟಿ” ಎಂದೆ.

“ನಿನ್ನ ಸಾರಿ ತಗೊಂಡು ನಾನೇನು ಮಾಡ್ಲಿ? ನನ್ನ ಕಣ್ಣು ಸರಿಯಾಗಿದೆ ಅಂತ ಬರೆದುಕೊಡು. ನಾಳೆ ಕಾರಿನ ಲೈಸೆನ್ಸಿಗೂ ಇದೇ ತಕರಾರು ಬಂದ್ರೆ, ಈ ಊರಲ್ಲಿ ಹಾಲು ತರೋಕೂ ಆಗಲ್ಲ ನನಗೆ.”

ಮಧ್ಯಾಹ್ನ ಅಲ್ಲಿಗೆ ಹತ್ತಿರದ ನಮ್ಮ ಕಂಪನಿಯ ಡೌನರ್ಸ್ ಗ್ರೋವ್ ಕಚೇರಿಗೆ ಹೋದೆ. ಈ ಗೋದಾಮಿನ ವ್ಯವಹಾರ ನೋಡಿಕೊಳ್ಳುತ್ತಿದ್ದ ಮ್ಯಾನೇಜರ್ ಸುಧೀಂದ್ರ ಅಲ್ಲಿದ್ದ. ಹುಬ್ಬಳ್ಳಿಯವನು; ಮೀಟಿಂಗಿನಲ್ಲಿ ಆಂಟಿಯ ದೂರನ್ನು ಅಣಕಿಸಿ ಎಲ್ಲರನ್ನೂ ನಗಿಸಿದವನು. ನಕ್ಕವರಲ್ಲಿ ನಾನೂ ಇದ್ದೆ.

“ಶೈಲಾ, ಟಿವಿ ಸೆಟ್ಟಿಂಗ್ ಪ್ರಾಬ್ಲಮ್ ಇತ್ತು, ಸರಿ ಮಾಡೀವಿ ಅಂತ ಬರದು ಮುಗಸ್ರಿ. ನಮ್ಮ ತಪ್ಪು ಅಂತ ಕಸ್ಟಮರ್ ಮುಂದ ಯಾಕ ಒಪ್ಪಿಕೋತೀರಿ?”

“ಹಾಗೆ ಬರೆದ್ರೆ ಸೋಮವಾರ ಅವರು ಪ್ಯಾಕಿಂಗಿಗೆ ಹೋಗ್ತಾರೆ.”

“ಆಕಿ ಎಲ್ಲಿ ಹೋದ್ರ ನಮಗೇನ್ರೀ?”

ಅವನ ಮುಖ ನೋಡಿ ಅಸಹ್ಯವಾಯಿತು. ಅಸಹ್ಯದಲ್ಲಿ ಅರ್ಧ ಪಾಲು ನನ್ನ ಮೇಲೆಯೇ. ಎದುರಿನ ಮೇಜಿನಲ್ಲೇ ಕೂತು ವರದಿ ಬರೆದೆ. ಮೊದಲು ಬಫರ್, ಆಮೇಲೆ ಲೆಕ್ಕ, ಆಮೇಲೆ ತಿದ್ದುಪಡಿ. ನಾಲ್ಕನೇ ಸಾಲಿನಲ್ಲಿ ಹೀಗೆ ಬರೆದೆ: ‘ಡಿಸ್ಪ್ಯಾಚರ್ ವಿಮಲಾ ಕಂಡದ್ದೆಲ್ಲ ಪರದೆಯ ಮೇಲೆ ಇತ್ತು. ಅವರ ದೃಷ್ಟಿಯಲ್ಲಿ ದೋಷವಿಲ್ಲ. ದೋಷ ನನ್ನ ಕೋಡಿನಲ್ಲಿತ್ತು, ಅದನ್ನು ನಾನು ಮೂರು ಸಲ ಅಲ್ಲಗಳೆದೆ.’ ಸುಧೀಂದ್ರನಿಗೆ ತೋರಿಸದೆ ಗೋದಾಮಿನವರಿಗೆ ಕಳಿಸಿದೆ. ಆಮೇಲೆ ಅವನು ನನ್ನ ಜೊತೆ ಮಾತು ಬಿಟ್ಟ. ಆ ವರ್ಷ ನನಗೆ ಬರಬೇಕಿದ್ದ ತಂಡದ ಲೀಡ್ ಹುದ್ದೆ ಬೇರೆಯವರ ಪಾಲಾಯಿತು. ಅದರ ಸಿಟ್ಟು ಇನ್ನೂ ಇದೆ.

ಸೋಮವಾರ ಮಧ್ಯಾಹ್ನ ಆಂಟಿಯ ಫೋನ್ ಬಂತು. ಹಿನ್ನೆಲೆಯಲ್ಲಿ ರೇಡಿಯೋ ಕರಕರ ಎನ್ನುತ್ತಿತ್ತು. ಅವರು ತಮ್ಮ ಕುರ್ಚಿಯಲ್ಲೇ ಇದ್ದರು. ಒಂದು ಒಳ್ಳೆಯ ಮಾತು ಬರುತ್ತದೆಂದು ನಾನು ಕಾದೆ.

“ವರದಿ ಓದಿದೆ” ಎಂದರು. “ನಾಲ್ಕನೇ ಸಾಲು ಮೊದಲನೇ ಸಾಲಾಗಬೇಕಿತ್ತು.” ಫೋನ್ ಇಟ್ಟರು.

ಆಮೇಲೆ ಎಷ್ಟೋ ವರದಿ ಬರೆದಿದ್ದೇನೆ. ದೂರು ಕೊಟ್ಟವರ ಕುರ್ಚಿಯಲ್ಲಿ ಕೂರದೆ ಒಂದು ದೂರನ್ನೂ ಮುಚ್ಚಿಲ್ಲ. ತಪ್ಪು ಯಾರದು ಎಂಬುದು ಈಗ ಮೊದಲನೇ ಸಾಲಿನಲ್ಲೇ ಇರುತ್ತದೆ.